ಕಿಟಕಿ ಮುಚ್ಚಿದ ವರ್ಷ

ಹೋದ ಮಾರ್ಚಿನಲ್ಲಿ, ಇಂಗ್ಲೆಂಡಿನಲ್ಲಿ ನಾವಿರುವ ಸೊಲಿಹಲ್‌ನಿಂದ ಮ್ಯಾಕಲ್ಸ್‌ಫೀಲ್ಡಿಗೆ ಹೊರಟಿದ್ದೆವು. ನನ್ನ ಗಂಡನ ಹಳೆಯ ಸಹೋದ್ಯೋಗಿಯೊಬ್ಬರ ಹೊಸ ಮನೆಯ ಗೃಹಪ್ರವೇಶ. ಕಾರು ಓಡಿಸುತ್ತಿದ್ದವಳು ಮಗಳು ಪೂರ್ಣಿ. ಮೋಟಾರ್‌ವೇ ಬಿಟ್ಟು ಚೆಷೈರ್ ಬಯಲಿನ ಒಳದಾರಿಗೆ ಇಳಿದು ಐದು ನಿಮಿಷ ಆಗಿರಲಿಲ್ಲ, ಆ ನಾತ ಬಂತು. ಇಪ್ಪತ್ತು ವರ್ಷ ಕಳೆದರೂ ನನ್ನ ಮೂಗು ಅದನ್ನು ಮರೆತಿರಲಿಲ್ಲ. ಗುಂಡಿ ಒತ್ತಿ ಗಾಜು ಏರಿಸಿದೆ.

ಪೂರ್ಣಿ ನಕ್ಕಳು. "ಅಮ್ಮಾ, ಇದೇ ಅಲ್ವಾ ದ ಸ್ಮೆಲ್? ದ ಫಾರ್ಮರ್ ಹೂ ನಿಯರ್ಲಿ ಕಿಲ್ಡ್ ಮಿ?"

"ಹೂಂ," ಅಂದೆ.

ಹಿಂದಿನ ಸೀಟಿನಲ್ಲಿದ್ದ ಇವರು ಕೆಮ್ಮಿದರು. ಕೆಮ್ಮು ಬಂದು ಕೆಮ್ಮಿದ್ದಲ್ಲ ಅದು. ನಾನು ತಿರುಗಿ ನೋಡಲಿಲ್ಲ.

ಆ ನಾತ ಮೊದಲು ಮೂಗಿಗೆ ಬಡಿದ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಬಾಯಿಗೆ ಬಂದರೆ ಈಗಲೂ ಉಗುಳಬೇಕೆನಿಸುತ್ತದೆ. 2003ರ ಜನವರಿಯಲ್ಲಿ ಇವರಿಗೆ ಮ್ಯಾಕಲ್ಸ್‌ಫೀಲ್ಡಿನ ಔಷಧಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿತು. ಅದಕ್ಕೆ ಮುಂಚೆ ಎಜ್‌ಬಾಸ್ಟನ್ನಿನಲ್ಲಿ ಎರಡು ವರ್ಷ ಇದ್ದೆವು. ಬಸ್ಸಿನ ಹೊಗೆ ಕುಡಿದು ಸುಖವಾಗಿಯೇ ಇದ್ದೆವು. ಮ್ಯಾಕಲ್ಸ್‌ಫೀಲ್ಡಿನಲ್ಲಿ ಬಾಡಿಗೆ ಜಾಸ್ತಿ, ಅರ್ಧ ಗಂಟೆ ದೂರದಲ್ಲಿ ಒಂದು ಚೊಕ್ಕ ಊರಿದೆ ಅಂತ ಯಾರೋ ಹೇಳಿದರು, ಹೋದೆವು. ಒಂದು ಚರ್ಚು, ಎರಡು ಪಬ್ಬು, ಒಂದು ಶಾಲೆ, ಸರ್ಜರಿ ಎಂದು ಕರೆಯುವ ಒಂದು ಸಣ್ಣ ದವಾಖಾನೆ, ವಾರಕ್ಕೊಮ್ಮೆ ದನದ ಸಂತೆ. ಸುತ್ತ ಕಣ್ಣು ಹಾಯುವಷ್ಟು ದೂರ ಚಪ್ಪಟೆ ಬಯಲು. ನಾನು ಗದಗಿನ ಕಡೆಯವಳು, ಗುಡ್ಡ ಕಂಡರೆ ಉಸಿರು ಕಟ್ಟುವವಳು. ಬಯಲು ನೋಡಿ ಹಿಗ್ಗಿದೆ. ಮನೆ ಊರಿನ ಕಟ್ಟಕಡೆಗೆ, ಬೇಲಿಯಾಚೆ ಒಂದು ಡೇರಿ ಫಾರ್ಮು. ಬೆಳಗ್ಗೆ ಎದ್ದರೆ ಆಕಳ ಮುಖ ನೋಡಬಹುದು, ಒಳ್ಳೆಯ ಶಕುನ ಅಂದುಕೊಂಡೆ. ನನ್ನ ಹಿಗ್ಗು ಆರು ವಾರ ಬಾಳಿತು.

ಫೆಬ್ರವರಿ ಕೊನೆಗೆ ಒಂದು ಬೆಳಗ್ಗೆ ಹಾಲು ಕಾಯಿಸುತ್ತಿದ್ದೆ. ಬೇಲಿಯಾಚೆ ಟ್ರ್ಯಾಕ್ಟರೊಂದು ದೊಡ್ಡ ಟ್ಯಾಂಕರ್ ಎಳೆದುಕೊಂಡು ಬಂತು. ಅದರ ಹಿಂಬದಿಯಿಂದ ಕಂದು ಬಣ್ಣದ ನೀರು ಬೀಸಣಿಗೆಯಂತೆ ಚಿಮ್ಮಿ ಹೊಲದ ಮೇಲೆ ಬಿತ್ತು. ಅರೆಕ್ಷಣ ಏನೂ ಆಗಲಿಲ್ಲ. ಆಮೇಲೆ ನಾತ ಒಳಗೆ ಬಂತು. ಬಂತು ಅಂದರೆ ಸಾಲದು, ಬಂದು ಕೂತಿತು. ಹಾಲಿನ ಮೇಲೆ, ಬಟ್ಟೆಯ ಮೇಲೆ, ನಾಲಗೆಯ ಮೇಲೆ.

"ಏನ್ ನಾತ ರೀ ಇದು! ಏನರೆ ಸತ್ತು ಬಿದ್ದೈತೇನು?" ಎಂದು ಇವರನ್ನು ಎಬ್ಬಿಸಿದೆ.

"ಹೊಲಕ್ಕ ಗೊಬ್ಬರ ಹಾಕಾಕತ್ತಾರ," ಎಂದರು ಇವರು ಹೊದಿಕೆಯೊಳಗಿಂದ. "ನಿಮ್ಮ ಹಿತ್ತಲದಾಗ ತಿಪ್ಪಿ ಇರಲಿಲ್ಲೇನು?"

"ಅದು ನಮ್ಮ ತಿಪ್ಪಿ ರೀ!"

ಈ ಮಾತಿಗೆ ಇವರು ವಾರಗಟ್ಟಲೆ ನಕ್ಕರು. ನಗಲಿ. ನಾನು ಸಗಣಿ ಕಾಣದವಳಲ್ಲ. ಸಾರಿಸಿದ ನೆಲದ ಮೇಲೆ ಮಲಗಿ ಬೆಳೆದವಳು, ಬರಿಗೈಯಲ್ಲಿ ಬೆರಣಿ, ನಮ್ಮ ಕಡೆಯ ಕುಳ್ಳು, ತಟ್ಟಿದವಳು. ನಮ್ಮ ಆಕಳ ಸಗಣಿಗೆ ಹುಲ್ಲಿನ ವಾಸನೆ. ಇದು ಹಾಗಲ್ಲ. ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ನೂರಾರು ದನಗಳ ಸಗಣಿ, ಗಂಜಲ, ತೊಳೆದ ನೀರು ಎಲ್ಲ ಒಂದೇ ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆತು ಆದ ಗೊಜ್ಜು. ಅದಕ್ಕೆ ಸ್ಲರಿ ಎಂದು ಹೆಸರು. ಹೆಸರು ಕೇಳಿದರೇ ವಾಕರಿಕೆ ಬರುತ್ತಿತ್ತು.

ಮಾರ್ಚ್ ಪೂರ್ತಿ ಇದೇ ಆಯಿತು. ಮ್ಯಾಂಚೆಸ್ಟರಿನ ಯುಗಾದಿ ಕೂಟಕ್ಕೆ ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಹೋಳಿಗೆ ಬಡಿಸುತ್ತಿದ್ದ ಬೆಂಗಳೂರಿನ ಒಬ್ಬಾಕೆ ನನ್ನ ಹತ್ತಿರ ಬಂದವಳು ಮೂಗು ಸುಕ್ಕು ಮಾಡಿ, "ನೀವು ಫಾರ್ಮ್ ಹತ್ರ ಇರೋದಾ?" ಎಂದಳು. ಸೀರೆಯನ್ನು ಹಿಂದಿನ ದಿನ ಹಿತ್ತಲಿನ ತಂತಿಯ ಮೇಲೆ ಗಾಳಿಗೆ ಹಾಕಿದ್ದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮನೆಗೆ ಬಂದವಳೇ ಕಿಟಕಿಗಳನ್ನೆಲ್ಲ ಮುಚ್ಚಿದೆ. ಕಿಟಕಿಯ ಮೇಲೆ ಗಾಳಿಗೆಂದು ಬಿಟ್ಟಿದ್ದ ಸಣ್ಣ ಸೀಳುಗಳಿಗೆ ಟೇಪು ಅಂಟಿಸಿದೆ. ಅಡುಗೆಮನೆಯ ಫ್ಯಾನಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದೆ. ಬಟ್ಟೆ ಒಳಗೇ ಒಣಗತೊಡಗಿತು. ಒಗ್ಗರಣೆ ಹಾಕಿದರೆ ಮೆಣಸಿನಕಾಯಿಯ ಘಾಟು ಮರುದಿನ ಬೆಳಗಿನವರೆಗೂ ಮನೆಯಲ್ಲೇ ಇರುತ್ತಿತ್ತು. ಇರಲಿ, ಅದು ನಮ್ಮ ಘಾಟು ಎಂದುಕೊಂಡೆ.

ಏಪ್ರಿಲಿನಲ್ಲಿ ಪೂರ್ಣಿ ಕೆಮ್ಮತೊಡಗಿದಳು. ಆಗ ಅವಳಿಗೆ ಏಳು ವರ್ಷ. ಮೆಟ್ಟಿಲು ಹತ್ತಿದರೆ ಎದೆಯೊಳಗೆ ಸಿಳ್ಳೆ. ಸರ್ಜರಿಯ ಡಾಕ್ಟರು ನೋಡಿ ಆಸ್ತಮಾ ಎಂದರು. ಲಿಂಡಾ ಎಂಬ ನರ್ಸ್ ಬಾಯಿಂದ ಔಷಧಿ ಎಳೆದುಕೊಳ್ಳುವ ನೀಲಿ ಪಂಪು ಒಂದು, ಕಂದು ಪಂಪು ಒಂದು ಕೊಟ್ಟು, ಊದುವ ಒಂದು ಕೊಳವೆಯನ್ನೂ ಕೊಟ್ಟಳು. ಮಗು ಬೆಳಗ್ಗೆ ಸಂಜೆ ಜೋರಾಗಿ ಊದಬೇಕು, ಮುಳ್ಳು ಎಲ್ಲಿಗೆ ಹೋಗಿ ನಿಲ್ಲುತ್ತದೋ ಆ ಅಂಕಿ ಬರೆದಿಡಬೇಕು. ಅಂಕಿ ಏರಿದಷ್ಟೂ ಉಸಿರು ಚೆನ್ನ.

ನನಗೆ ಯಾವ ಕೊಳವೆಯೂ ಬೇಕಿರಲಿಲ್ಲ. ಕಳ್ಳ ಯಾರೆಂದು ಬೇಲಿಯಾಚೆ ಕಾಣುತ್ತಿತ್ತಲ್ಲ! ಆ ಫಾರ್ಮಿನ ಯಜಮಾನಿ ಡೊರೀನ್ ಎಂಬಾಕೆ. ಅರವತ್ತರ ಆಸುಪಾಸು, ಮೊಣಕಾಲವರೆಗೆ ಕೆಸರಿನ ಬೂಟು, ಕೈಯೆತ್ತಿ "ಲವ್ಲಿ ಮಾರ್ನಿಂಗ್" ಅನ್ನುವಳು. ಇಂಥ ನಾತದಲ್ಲಿ ಲವ್ಲಿ ಏನು ಬಂತು, ಈಕೆಗೆ ಮೂಗಿದೆಯೋ ಇಲ್ಲವೋ ಎಂದು ನಾನು ಪರದೆ ಎಳೆಯುತ್ತಿದ್ದೆ. ಕೊನೆಗೆ ಕೌನ್ಸಿಲ್ಲಿಗೆ ಫೋನ್ ಮಾಡಿ ಆಕೆಯ ಮೇಲೆ ದೂರು ಕೊಟ್ಟೆ. ಆಕೆಯ ಫಾರ್ಮಿನ ಗಾಳಿಯಿಂದ ನನ್ನ ಮಗಳು ಉಸಿರಾಡಲಾರದೆ ಒದ್ದಾಡುತ್ತಿದ್ದಾಳೆ ಎಂದು. ಅವರು, ವಾಸನೆ ಬಂದ ದಿನಗಳನ್ನೆಲ್ಲ ಗುರುತು ಹಾಕಿಕೊಳ್ಳಿ, ಆಮೇಲೆ ನೋಡೋಣ ಎಂದರು.

ಗುರುತು ಹಾಕಲು ನನ್ನ ಹತ್ತಿರ ಊರಿಂದ ಬಂದ ಕನ್ನಡ ಕ್ಯಾಲೆಂಡರ್ ಇತ್ತು, ಹಬ್ಬ, ತಿಥಿ, ಹುಣ್ಣಿಮೆ, ಅಮಾವಾಸ್ಯೆ ಎಲ್ಲ ಇರುವಂಥದ್ದು. ನಾತ ಬಂದ ದಿನಕ್ಕೆ ಹಸಿರು ಗೆರೆ. ಪೂರ್ಣಿಯ ಉಸಿರಿನ ಅಂಕಿ ಕೆಂಪು ಶಾಯಿಯಲ್ಲಿ. ಎರಡೂ ಒಂದೇ ಚೌಕದಲ್ಲಿ ಬಿದ್ದರೆ ಕೌನ್ಸಿಲ್ಲಿನವರ ಬಾಯಿ ತಾನೇ ಮುಚ್ಚುತ್ತದೆ ಎಂಬುದು ನನ್ನ ಲೆಕ್ಕ.

ಗದಗಿನಿಂದ ಅವ್ವ ಪ್ರತಿ ಭಾನುವಾರ ಫೋನಿನಲ್ಲಿ ಸಿಗುತ್ತಿದ್ದಳು. "ಕೆಟ್ಟ ಗಾಳಿ ಅದು, ಕೂಸಿನ ಎದಿಗೆ ಹೊಕ್ಕೈತಿ," ಎಂದಳು. "ಸೋಮವಾರಕ್ಕೊಮ್ಮೆ ಪೂಜಿ ಆದಮ್ಯಾಲೆ ಕುಳ್ಳಿನ ಕೆಂಡದ ಮ್ಯಾಲೆ ಲೋಬಾನ ಹಾಕಿ ಮನಿ ತುಂಬ ಹೊಗಿ ಆಡಿಸು. ಕಿಡಕಿ ತಗೀಬ್ಯಾಡ ಮತ್ತ. ಹೊಗಿ ಒಳಗ ನಿಂದರಬೇಕು."

ಈ ದೇಶದಲ್ಲಿ ಕುಳ್ಳು ಎಲ್ಲಿ ತರಲಿ ಎಂದರೆ ಅವ್ವ ಅದಕ್ಕೂ ದಾರಿ ಹುಡುಕಿದಳು. ಲೀಡ್ಸಿನಲ್ಲಿ ಡಾಕ್ಟರಾಗಿದ್ದ ನನ್ನ ಸೋದರಮಾವನ ಮಗ ರಜೆಗೆ ಹೋಗಿದ್ದವನು ಹಿಂದಿರುಗುವಾಗ ಅವನ ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಪುಡಿ, ಲೋಬಾನ ಮತ್ತು ಮೂರು ಡಜನ್ ಪುಟ್ಟ ಕುಳ್ಳು ಕಳಿಸಿದಳು. ಏನಿದೆ ಅಂತ ಆ ಡಾಕ್ಟರಿಗೆ ಹೇಳಿರಲಿಲ್ಲ.

ಹೀಗೆ ಸೋಮವಾರದ ಹೊಗೆ ಶುರುವಾಯಿತು. ಪೂರ್ಣಿ ಶಾಲೆಗೆ ಹೋದಮೇಲೆ ಸ್ನಾನ, ಪೂಜೆ. ಹಿತ್ತಾಳೆಯ ಧೂಪಾರತಿಯಲ್ಲಿ ಕುಳ್ಳಿನ ಕೆಂಡ, ಅದರ ಮೇಲೆ ಹಿಡಿ ಲೋಬಾನ. ಕೋಣೆ ಕೋಣೆಗೂ ಆಡಿಸುವುದು, ಪೂರ್ಣಿಯ ಹಾಸಿಗೆಗೆ ಎರಡು ಸುತ್ತು ಹೆಚ್ಚು. ಮೊದಲ ಸಲ ಚಾವಣಿಯ ಹೊಗೆ ಅಲಾರಂ ಕೂಗಿ ಪ್ರಾಣ ತಿಂದಿತು. ಮುಂದಿನ ವಾರದಿಂದ ಕುರ್ಚಿ ಹತ್ತಿ ಅದರ ಬ್ಯಾಟರಿ ತೆಗೆದಿಟ್ಟು ಪೂಜೆಗೆ ಕೂರುತ್ತಿದ್ದೆ. ಕೊನೆಗೆ ಧೂಪಾರತಿಯನ್ನು ಹಿತ್ತಲ ಬಾಗಿಲಾಚೆ ಇಡುತ್ತಿದ್ದೆ, ಅಲ್ಲಿ ಅದು ಮಧ್ಯಾಹ್ನದವರೆಗೂ ಹೊಗೆಯಾಡುತ್ತಿತ್ತು. ಮನೆಯೊಳಗೆ ಗುಡಿಯ ವಾಸನೆ. ಆ ಒಂದು ದಿನ ನಾನು ಮೂಗು ತುಂಬ ಉಸಿರಾಡುತ್ತಿದ್ದೆ. ಸಂಜೆ ಪೂರ್ಣಿ ಶಾಲೆಯಿಂದ ಬಂದು ಕೆಮ್ಮಿದರೆ, ನೋಡು ದಾರಿಯಲ್ಲಿ ಆ ಹಾಳು ಗಾಳಿ ಕುಡಿದು ಬಂದಿದೆ ಕೂಸು ಎಂದು ಹೊಟ್ಟೆ ಉರಿಯುತ್ತಿತ್ತು.

ಮೇ ತಿಂಗಳಲ್ಲಿ ಹೊಲಗಳಲ್ಲಿ ಹಳದಿ ಹೂ ಬಂತು. ಎಣ್ಣೆಕಾಳಿನ ಗಿಡವಂತೆ. ನೋಡಲು ಚೆಂದ, ವಾಸನೆ ಮಾತ್ರ ಮೂರು ದಿನದ ಕೋಸಿನ ಪಲ್ಯ. ಜೂನಿನಲ್ಲಿ ದನದ ಮೇವಿಗೆಂದು ಹಸಿ ಹುಲ್ಲು ಕೊಯ್ದು ಕರಿ ಪ್ಲಾಸ್ಟಿಕ್ಕಿನಡಿ ಹುಳಿಗೆ ಹಾಕಿದರು. ಅದರ ನಾತ ಹಳಸಿದ ಅಂಬಲಿಯದು. ಹುಲ್ಲು ಕೊಯ್ದ ಹೊಲಕ್ಕೆ ಮತ್ತೆ ಸ್ಲರಿ. ಜುಲೈ ಕೊನೆಗೆ ಗೋಧಿ ಕೊಯ್ಲು ಶುರುವಾಗಿ ಧೂಳಿನ ಜೊತೆ ಚುಕ್ಕಿಯಷ್ಟು ಸಣ್ಣ ಕಪ್ಪು ಹುಳುಗಳ ದಂಡು ಬಂತು. ಮುಚ್ಚಿದ ಕಿಟಕಿಯ ಸಂದಿಯಲ್ಲೂ ನುಸುಳಿ, ನಮ್ಮ ಶಿವಪಾರ್ವತಿ ಪಟದ ಗಾಜಿನ ಹಿಂದೆ ಹೊಕ್ಕು ಸತ್ತವು. ಪಾರ್ವತಿಯ ಕೆನ್ನೆಯ ಮೇಲೆ ಎಳ್ಳು ಚೆಲ್ಲಿದಂತೆ ಕಾಣುತ್ತಿತ್ತು. ಪಟ ಬಿಚ್ಚಿ ಒರೆಸಿದರೆ ಮರುದಿನ ಮತ್ತೆ ಅಷ್ಟೇ. ದೇವರ ಮುಖ ನೋಡಲೂ ಹೇಸಿಗೆಪಡಬೇಕಾದ ಊರು ಇನ್ನೆಲ್ಲಾದರೂ ಇದ್ದೀತೇ?

ಆಗಸ್ಟಿನಲ್ಲಿ ಇಂಗ್ಲೆಂಡು ಯಾವತ್ತೂ ಕಾಣದ ಸೆಕೆ ಬಂತು. ಮಳೆ ಇಲ್ಲದೆ ನೆಲ ಕಲ್ಲಾಯಿತು. ಟ್ಯಾಂಕರು ಹೊರಗೆ ಬರಲೇ ಇಲ್ಲ, ಹೊರಗೆ ಒಣ ಹುಲ್ಲಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ನಾನು ಕಿಟಕಿ ತೆಗೆಯಲಿಲ್ಲ. ಆ ವೇಳೆಗೆ ಕಿಟಕಿ ಎಂದರೆ ಶತ್ರು ಒಳಗೆ ಬರುವ ಬಾಗಿಲು ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಮೇಲಾಗಿ ಶ್ರಾವಣ. ನಮ್ಮ ಮನೆಗಳಲ್ಲಿ ಶ್ರಾವಣವೆಂದರೆ ದಿನಾ ಸೋಮವಾರವಿದ್ದಂತೆ. ದಿನಾ ಪೂಜೆ, ದಿನಾ ಲೋಬಾನ. ಶಾಲೆಗೆ ರಜೆ, ಪೂರ್ಣಿ ಮನೆಯಲ್ಲೇ. ಹಣೆತುಂಬ ವಿಭೂತಿ ಹಚ್ಚಿಕೊಂಡು ನನ್ನ ಪಕ್ಕ ಕೂತು ಗಂಟೆ ಬಾರಿಸುತ್ತಿದ್ದಳು. ಗಂಟೆ ಬಾರಿಸುತ್ತಲೇ ಕೆಮ್ಮುತ್ತಿದ್ದಳು. ಕೆಂಪು ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ನಾನು ಲೋಬಾನ ಹೆಚ್ಚಿಸಿದೆ.

ಮೂರನೆಯ ಶ್ರಾವಣ ಸೋಮವಾರ, ಮಧ್ಯಾಹ್ನ. ಊಟಕ್ಕೆ ಕರೆದರೆ ಪೂರ್ಣಿ ಬರಲಿಲ್ಲ. ಹೋಗಿ ನೋಡಿದರೆ ಹಾಸಿಗೆಯ ಅಂಚಿನಲ್ಲಿ ಎರಡೂ ಕೈ ಊರಿ ಕೂತಿದ್ದಾಳೆ. ಕೊರಳಿನ ಗುಳಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತಿದೆ. ತುಟಿ ನೇರಳೆ ಬಣ್ಣ. "ಪೂರ್ಣಿ" ಎಂದರೆ "ಅಮ್" ಎಂದಳು, ಮುಂದಿನ ಅಕ್ಷರಕ್ಕೆ ಉಸಿರು ಸಾಲಲಿಲ್ಲ. ನೀಲಿ ಪಂಪು ಹತ್ತು ಸಲ ಒತ್ತಿದೆ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ, ಪೋಸ್ಟ್‌ಕೋಡ್ ಮಾತ್ರ ಸರಿಯಾಗಿ ಹೇಳಿದೆನಂತೆ.

ಆಂಬುಲೆನ್ಸಿನಿಂದ ಇಳಿದ ಹೆಂಗಸು ಬಾಗಿಲು ದಾಟಿದವಳೇ ಕೆಮ್ಮಿದಳು. ಪೂರ್ಣಿಯ ಮುಖಕ್ಕೆ ಮಾಸ್ಕ್ ಹಾಕುತ್ತಲೇ, "ಕಿಟಕಿ ತೆಗೆಯಮ್ಮಾ, ಯಾವುದಾದರೂ ಒಂದು ಕಿಟಕಿ," ಎಂದಳು.

"ಬೇಡ! ಹೊರಗಿನ ಗಾಳಿ ಕೆಟ್ಟದ್ದು!" ಎಂದು ನಾನು ಅಡ್ಡ ನಿಂತೆ.

ಆಕೆ ನನ್ನನ್ನು ಒಂದು ಕ್ಷಣ ನೋಡಿದಳು. ಮಗುವನ್ನು ಎತ್ತಿಕೊಂಡು ಹೊರಗೆ ನಡೆದಳು.

ಮ್ಯಾಕಲ್ಸ್‌ಫೀಲ್ಡಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದೆವು. ಎರಡನೆಯ ದಿನವೇ ಪೂರ್ಣಿ ಐಸ್‌ಕ್ರೀಮ್ ಕೇಳಿದಳು. ಮನೆಗೆ ಬಂದ ವಾರಕ್ಕೆ ಶಾಲೆ ಶುರುವಾಯಿತು. ಅವಳನ್ನು ಶಾಲೆಗೆ ಬಿಟ್ಟು, ಕ್ಯಾಲೆಂಡರನ್ನು ಸುರುಳಿ ಸುತ್ತಿ ಹಿಡಿದು ನಾನೊಬ್ಬಳೇ ಸರ್ಜರಿಗೆ ಹೋದೆ. ನರ್ಸ್ ಲಿಂಡಾಳಿಂದ ಒಂದು ಕಾಗದ ಬರೆಸಿಕೊಂಡು ಕೌನ್ಸಿಲ್ಲಿನ ಮುಖಕ್ಕೆ ಹಿಡಿಯಬೇಕಿತ್ತು. "ನೋಡಿ, ಆ ಫಾರ್ಮು ನನ್ನ ಮಗಳಿಗೆ ಏನು ಮಾಡಿದೆ," ಎಂದು ಕ್ಯಾಲೆಂಡರ್ ಬಿಡಿಸಿ ಮೇಜಿನ ಮೇಲೆ ಹರಡಿದೆ.

ಲಿಂಡಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಅಕ್ಷರ ಅವಳಿಗೆ ಬಾರದು, ಅಂಕಿ ಬರುತ್ತದೆ. ಆಗಸ್ಟ್ ಪುಟದ ಮೇಲೆ ಬೆರಳಿಟ್ಟಳು. "ಇಲ್ಲಿ ಹಸಿರು ಗೆರೆ ಒಂದೂ ಇಲ್ಲ. ಈ ತಿಂಗಳು ವಾಸನೆ ಬರಲಿಲ್ಲವಾ?"

"ಇಲ್ಲ. ಆದರೆ..."

"ಅವಳ ಉಸಿರು ಎಲ್ಲಕ್ಕಿಂತ ಕಡಿಮೆ ಇರೋದು ಈ ತಿಂಗಳೇ." ಬೆರಳು ಹಿಂದಕ್ಕೆ ಜುಲೈಗೆ, ಜೂನಿಗೆ, ಮೇಗೆ ಹೋಯಿತು. ಪ್ರತಿ ಪುಟದಲ್ಲೂ ಒಂದೇ ಸಾಲಿನಲ್ಲಿ ಇಳಿಯಿತು. "ಅದಕ್ಕೆ ಮುಂಚೆ ಪ್ರತಿ ವಾರ ಒಂದೇ ದಿನ ಸಂಜೆ ಬೀಳುತ್ತೆ. ಇದು ಯಾವ ದಿನ?"

"ಸೋಮವಾರ."

"ಸೋಮವಾರ ನಿಮ್ಮ ಮನೆಯಲ್ಲಿ ಏನು ನಡೆಯುತ್ತೆ?"

"ಪೂಜೆ," ಎಂದೆ. ಪೂಜೆಯಲ್ಲಿ ಏನೇನು ಮಾಡುತ್ತೀರಿ ಎಂದು ಕೇಳಿದಳು. ದೀಪ, ಹೂವು, ವಿಭೂತಿ, ಎಂದು ಹೇಳುತ್ತ ಹೋದವಳು ಅಲ್ಲಿಗೆ ನಿಂತೆ. ಆ ಸಣ್ಣ ಕೋಣೆಯಲ್ಲಿ, ಬಿಸಿಲಿಗೆ ಬೆಚ್ಚಗಾದ ನನ್ನ ಕಾರ್ಡಿಗನ್ನಿನಿಂದ, ನನ್ನ ಜಡೆಯಿಂದ ಹೊಗೆಯ ವಾಸನೆ ಎದ್ದು ನನ್ನದೇ ಮೂಗಿಗೆ ಬಡಿಯಿತು. ಅಷ್ಟು ತಿಂಗಳು ಬೇರೆಯವರ ನಾತ ಹುಡುಕಿದ ಮೂಗು ಅದು. ಗುಡಿಯ ವಾಸನೆ ಅಂದುಕೊಂಡಿದ್ದೆನಲ್ಲ, ಸುಟ್ಟ ಸಗಣಿಯ ವಾಸನೆ.

ಎಲ್ಲ ಹೇಳಿದೆ. ಬ್ಯಾಟರಿ ತೆಗೆದದ್ದನ್ನೂ ಹೇಳಿದೆ. ಲಿಂಡಾ ಬೈಯಲಿಲ್ಲ. "ಆಸ್ತಮಾ ನೀವು ತಂದದ್ದಲ್ಲ. ಆದರೆ ಈ ಹೊಗೆ ಅದನ್ನ ಕೆರಳಿಸ್ತಾ ಇದೆ. ಹೊಗೆ ನಿಲ್ಲಿಸಿ, ಕಿಟಕಿ ತೆಗೀರಿ," ಎಂದಳು. ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದು ಮೊದಲು ಮಾಡಿದ ಕೆಲಸ ಉಳಿದ ಕುಳ್ಳನ್ನೆಲ್ಲ ಕಸದ ತೊಟ್ಟಿಗೆ ಹಾಕಿದ್ದು. ಎರಡನೆಯದು ಕೌನ್ಸಿಲ್ಲಿಗೆ ಫೋನ್ ಮಾಡಿ ದೂರು ವಾಪಸ್ ತೆಗೆದುಕೊಂಡದ್ದು. ಇವರು ಸಂಜೆ ಬಂದು ಎಲ್ಲ ಕೇಳಿದರು. "ನನಗೂ ಗೊತ್ತಾಗಬೇಕಿತ್ತಲ್ಲ," ಎಂದಷ್ಟೇ ಹೇಳಿ ಮುಖ ಒರೆಸಿಕೊಂಡರು. ಮರುದಿನ ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿ ಬೇಲಿ ಸುತ್ತಿ ಡೊರೀನಳ ಬಾಗಿಲು ಬಡಿದೆ. ಆಕೆಗೆ ದೂರಿನ ವಿಷಯ ಗೊತ್ತಿತ್ತು. ಕೌನ್ಸಿಲ್ಲಿನವರು ಬಂದು ಹೋಗಿದ್ದರಂತೆ. ಒಳಗೆ ಕರೆಯಲಿಲ್ಲ. ನಾನು ಬಾಗಿಲಲ್ಲೇ ನಿಂತು ಎಲ್ಲ ಒಪ್ಪಿಕೊಂಡೆ.

"ಏನು ಸುಡ್ತಿದ್ದೆ ಅಂದೆ?" ಎಂದು ಎರಡನೆಯ ಸಲ ಕೇಳಿದಳು.

"ಆಕಳ ಸಗಣಿ. ಒಣಗಿಸಿದ್ದು."

"ನಮ್ಮದು ಹೊಲಕ್ಕೆ ಹಾಕಿದ್ದಕ್ಕೆ ದೂರು ಕೊಟ್ಟೆ. ನಿಮ್ಮದು ಮನೆಯೊಳಗೆ ಸುಡ್ತಿದ್ದೆ."

ನಾನು ಡಬ್ಬಿ ಮುಂದೆ ಹಿಡಿದೆ. ಆಕೆ ಡಬ್ಬಿ ತೆಗೆದುಕೊಂಡಳು. "ಸೋಮವಾರ ನಾನು ಬಟ್ಟೆ ಒಗೆಯೋ ದಿನ," ಎಂದಳು. "ನಮ್ಮಮ್ಮನ ಕಾಲದಿಂದಲೂ ಸೋಮವಾರವೇ. ಈಸ್ಟರ್ ಆದಾಗಿನಿಂದ ನನ್ನ ಹಾಸಿಗೆ ಬಟ್ಟೆಗೆಲ್ಲ ನಿನ್ನ ಹೊಗೆ. ಎರಡೆರಡು ಸಲ ಒಗೆದಿದ್ದೀನಿ. ನಿಮ್ಮ ದೇವರ ವಿಷಯ ಏನೋ ಇರಬೇಕು ಅಂತ ಸುಮ್ಮನಿದ್ದೆ." ಆಮೇಲೆ, "ಮಗು ಹೇಗಿದೆ?" ಎಂದಳು.

ಆಕೆ ಬಾಯಿಗೆ ಬಂದಂತೆ ಬೈದು ಬಾಗಿಲು ಹಾಕಿಕೊಂಡಿದ್ದರೆ ಚೆನ್ನಾಗಿತ್ತು. ಹೇಸಿಗೆ ಅಂದರೆ ಏನು ಎಂದು ನನಗೆ ಅಂದು ತಿಳಿಯಿತು. ಅದು ಮೂಗಿಗೆ ಸಂಬಂಧಪಟ್ಟದ್ದಲ್ಲ.

ಭಾನುವಾರ ಅವ್ವನ ಫೋನು. "ಕೂಸು ಹೆಂಗೈತಿ? ಲೋಬಾನ ಹಾಕಾಕತ್ತೀ ಹೌದಲ್ಲ?"

ನಿನ್ನ ಲೋಬಾನದಿಂದಲೇ ನಿನ್ನ ಮೊಮ್ಮಗಳು ಆಸ್ಪತ್ರೆ ಸೇರಿದಳು ಎಂದು ಎಪ್ಪತ್ತು ವರ್ಷದ ತಾಯಿಗೆ ಹೇಗೆ ಹೇಳಲಿ? "ಹಾಕಾಕತ್ತೀನಿ ಅವ್ವ," ಎಂದೆ. "ಎಲ್ಲಾ ಆ ಫಾರ್ಮಿನ ಗಾಳಿ ನೋಡು. ಈಗ ಕಡಿಮಿ ಆಗೈತಿ." ಪೂರ್ಣಿ ಪಕ್ಕದಲ್ಲೇ ಕೂತು ಬಣ್ಣ ಹಚ್ಚುತ್ತಿದ್ದಳು. ಕನ್ನಡ ಅವಳಿಗೆ ಎಲ್ಲ ತಿಳಿಯುತ್ತದೆ. ಕೇಳಿಸಿಕೊಂಡಳು. ನಂಬಿದಳು. ಅವ್ವನ ನೆಪದಲ್ಲಿ ಹೇಳಿದ ಸುಳ್ಳನ್ನೇ ಮ್ಯಾಂಚೆಸ್ಟರಿನ ಕೂಟದಲ್ಲೂ ಹೇಳಿದೆ, ಸೊಲಿಹಲ್‌ಗೆ ಬಂದಮೇಲೂ ಹೇಳಿದೆ. ಅವ್ವ ತೀರಿಕೊಂಡು ಒಂಬತ್ತು ವರ್ಷವಾಯಿತು. ಸುಳ್ಳಿಗೆ ಈಗ ಅವಳ ನೆಪವೂ ಇಲ್ಲ.

ಆ ಸೆಪ್ಟೆಂಬರ್ ಕೊನೆಗೆ ಮಳೆ ಬಿದ್ದು ನೆಲ ಮೆತ್ತಗಾಯಿತು. ಒಂದು ಸೋಮವಾರ ಬೆಳಗ್ಗೆ ಟ್ಯಾಂಕರು ಬಂತು. ನಾನು ಟೇಪುಗಳನ್ನೆಲ್ಲ ಕಿತ್ತು ಕಿಟಕಿಗಳನ್ನು ಪೂರ್ತಿ ತೆರೆದಿದ್ದೆ. ದೇವರ ಮುಂದೆ ಬರೀ ಎಣ್ಣೆಯ ದೀಪ. ಆ ಹೊಲಸು ನಾತ ಅಲೆ ಅಲೆಯಾಗಿ ಒಳಗೆ ಬಂದು ದೇವರ ಮೂಲೆಯಲ್ಲಿ ತುಂಬಿಕೊಂಡಿತು. ಎರಡು ಸಲ ವಾಕರಿಕೆ ಬಂದು ಸಿಂಕಿಗೆ ಓಡಿದೆ. ಕಿಟಕಿ ಮುಚ್ಚಲಿಲ್ಲ. ಸಂಜೆ ಪೂರ್ಣಿ ಮೂಗು ಹಿಡಿದುಕೊಂಡೇ ಶಾಲೆಯಿಂದ ಬಂದಳು. "ಯಕ್, ಅಮ್ಮಾ! ಇಟ್ ಸ್ಟಿಂಕ್ಸ್!" ಎಂದು ನಗುತ್ತ ಕೊಳವೆ ಊದಿದಳು. ಮುಳ್ಳು ಅಲ್ಲಿಯವರೆಗೆ ಎಂದೂ ಹೋಗದ ಕಡೆ ಹೋಗಿ ನಿಂತಿತು. ನಾನು ಕೆಂಪು ಶಾಯಿಯಲ್ಲಿ ಬರೆದೆ. ಹಸಿರು ಗೆರೆಯನ್ನೂ ಎಳೆದೆ, ಅದೇ ಚೌಕದಲ್ಲಿ.

ಆ ನಾತ ನನಗೆ ಇವತ್ತಿಗೂ ಹೇಸಿಗೆಯೇ. ಅದರಲ್ಲಿ ಚೆಂದ ಹುಡುಕುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಮಾರ್ಚಿನಲ್ಲಿ ಕಾರಿನಲ್ಲಿ "ಹೂಂ" ಅಂದೆನಲ್ಲ, ಅದು ಅದಕ್ಕಿಂತ ಹೇಸಿಗೆ. ಡೊರೀನ್ ಇದ್ದಾಳೋ ಇಲ್ಲವೋ ತಿಳಿಯದು. ನನ್ನ ಮಗಳ ಬಾಯಲ್ಲಿ ಮಾತ್ರ ಆಕೆ ಇನ್ನೂ ಕೊಲೆಗಾರ್ತಿ.

ಪೂರ್ಣಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆದದ್ದು ಅದೇ ಧೈರ್ಯದ ಮೇಲೆ ಎಂದು ಇವರು ನಿನ್ನೆ ಹೇಳಿದರು. ಅದು ನಿಜ. ಈ ಭಾನುವಾರ ಅವಳು ಊಟಕ್ಕೆ ಬರುತ್ತಾಳೆ. ಕಿಟಕಿ ತೆಗೆದು, ಎದುರಿಗೆ ಕೂರಿಸಿಕೊಂಡು, ಓದಿ ಹೇಳುತ್ತೇನೆ.